ಖಾಲಿ ಡಬ್ಬ ಕೊಡಬಾರದು

ಕಾಫಿ ಲೋಟ ಕೈಗೆ ತೆಗೆದುಕೊಂಡು "ಥ್ಯಾಂಕ್ಸ್ ಅತ್ತೆ" ಅಂದೆ. ಫಿಲ್ಟರಿನ ಮುಚ್ಚಳ ಹಾಕುತ್ತಿದ್ದ ಅತ್ತೆ ಹಾಗೇ ನಿಂತರು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಮ್ಮಿಬ್ಬರ ನಡುವೆ ಬಂದುಹೋಗದ ಮಾತಿಲ್ಲ. ಇದೊಂದು ಬಂದಿರಲಿಲ್ಲ. ನನ್ನ ಮುಖ ನೋಡಿದರು, ಲೋಟ ನೋಡಿದರು, ಮತ್ತೆ ಮುಖ ನೋಡಿ, "ಯಾಕೇ, ಎಲ್ಲಿಗೆ ಹೊರಟೆ?" ಅಂದರು.

ನಾನು ಎಲ್ಲಿಗೂ ಹೊರಟಿರಲಿಲ್ಲ. ನಿವೃತ್ತಿಯ ಉಡುಗೊರೆ ಎಂದು ಬೆಂಗಳೂರಿನಲ್ಲಿರುವ ಮಗಳು ಒಂದು ಪುಸ್ತಕ ಕಳಿಸಿದ್ದಳು. ನವಿಲುನೀಲಿ ರಟ್ಟು, ಪುಟ ಗುರುತಿಗೊಂದು ರೇಷ್ಮೆ ದಾರ, ಹೆಸರು 'ಗ್ರ್ಯಾಟಿಟ್ಯೂಡ್ ಜರ್ನಲ್'. ದಿನಕ್ಕೊಂದು ಪುಟ, ಪುಟಕ್ಕೆ ಮೂರು ಗೆರೆ. ರಾತ್ರಿ ಮಲಗುವ ಮುಂಚೆ, ಇವತ್ತು ಯಾವ ಮೂರು ಸಂಗತಿಗೆ ನಾನು ಕೃತಜ್ಞಳು ಎಂದು ಬರೆಯಬೇಕು. ಮೊದಲ ಪುಟದಲ್ಲಿ ಹೋಂವರ್ಕು ಬೇರೆ: ಮನೆಯವರಲ್ಲಿ ಒಬ್ಬರಿಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವಳು ನಾನು, ಖಾಲಿ ಗೆರೆ ಕಂಡರೆ ತುಂಬಿಸದೆ ಇರಲಾರೆ.

ಮೊದಲ ದಿನ ಬರೆದೆ: 1. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. 2. ನೀರು ಟ್ಯಾಂಕಿಗೆ ಏರುವವರೆಗೂ ಕರೆಂಟು ಹೋಗಲಿಲ್ಲ. 3. ಮೊಸರು ಹುಳಿಯಾಗಿರಲಿಲ್ಲ. ಎರಡನೆಯ ದಿನ ಹೂವಿನವಳು ಒಂದು ಮೊಳ ಜಾಸ್ತಿ ಕೊಟ್ಟದ್ದು, ಹಳೆಯ ಮಂಡಿನೋವು ಎಡಗಾಲಿನಲ್ಲೇ ಉಳಿದು ಬಲಗಾಲಿಗೆ ದಾಟದಿದ್ದದ್ದು ಬಂದವು. ಮೂರನೆಯ ದಿನ ಮತ್ತೆ ನೀರು, ಕರೆಂಟು, ಮೊಸರು. ನಾಲ್ಕನೆಯ ದಿನ ಕೈ ತಾನಾಗಿ ಬರೆಯಿತು: ಮೇಲಿನಂತೆ, ಮೇಲಿನಂತೆ, ಮೇಲಿನಂತೆ. ಅಭ್ಯಾಸಬಲ ಅಂದರೆ ಇದೇ.

ಇದನ್ನು ಫೋನಿನಲ್ಲಿ ಹೇಳಿದರೆ ಮಗಳಿಗೆ ನಗು ಬರಲಿಲ್ಲ. "ಅಮ್ಮಾ, ಇದು ಸೈನ್ಸ್" ಅಂದಳು. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರಂತೆ. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಹತ್ತು ವಾರ ಬರೆಸಿದರು. ಒಂದು ಗುಂಪು ವಾರದಲ್ಲಿ ಒದಗಿಬಂದ ಒಳ್ಳೆಯದನ್ನು ಬರೆಯಬೇಕು, ಇನ್ನೊಂದು ಗುಂಪು ಕಿರಿಕಿರಿಗಳನ್ನು, ಮೂರನೆಯದು ಸುಮ್ಮನೆ ನಡೆದದ್ದನ್ನು. ಒಳ್ಳೆಯದನ್ನು ಬರೆದವರು ಹೆಚ್ಚು ಗೆಲುವಾಗಿದ್ದರು, ಮೈಕೈ ನೋವಿನ ದೂರು ಕಡಿಮೆ ಹೇಳಿದರು, ವ್ಯಾಯಾಮವನ್ನೂ ಜಾಸ್ತಿ ಮಾಡಿದರು. ನಾನೂ ನನ್ನ ಕಡೆಯಿಂದ ಒಂದಿಷ್ಟು ಓದಿಕೊಂಡೆ. ಸೋನಿಯಾ ಲುಬೊಮಿರ್ಸ್ಕಿ ಎಂಬಾಕೆ ಇನ್ನೊಂದು ಪ್ರಯೋಗ ಮಾಡಿ, ಇಂಥ ಪಟ್ಟಿಯನ್ನು ವಾರಕ್ಕೊಮ್ಮೆ ಬರೆದವರಿಗೆ ಲಾಭವಾಯಿತು, ಮೂರು ಸಲ ಬರೆದವರಿಗೆ ಆಗಲಿಲ್ಲ ಎಂದು ಕಂಡಿದ್ದಾರೆ. ಆ ತಾಯಿ ನೂರು ಕಾಲ ಬಾಳಲಿ. ಆ ವಾರದಿಂದ ನಾನು ಭಾನುವಾರ ಮಾತ್ರ ಬರೆಯತೊಡಗಿದೆ.

ಆದರೆ ಅತ್ತೆಯ ಪ್ರಶ್ನೆ ಮಾತ್ರ ತಲೆಯೊಳಗೆ ಹುಣಸೆಬೀಜದ ಹಾಗೆ ಉಳಿಯಿತು. ಥ್ಯಾಂಕ್ಸ್ ಅಂದರೆ ಹೊರಟೆಯಾ ಅಂತ ಯಾಕೆ ಕೇಳಿದರು?

ಯೋಚಿಸಿದರೆ, ನಮ್ಮ ಮನೆಮಾತಿನಲ್ಲಿ ಅದಕ್ಕೊಂದು ಶಬ್ದವೇ ಇಲ್ಲ. ಧನ್ಯವಾದ ಇದೆಯಲ್ಲ ಅನ್ನಬಹುದು. ಇದೆ, ವೇದಿಕೆಯ ಮೇಲಿದೆ. ಸಾರು ಬಡಿಸಿದ ಅಮ್ಮನಿಗೆ "ಧನ್ಯವಾದಗಳು" ಅಂದರೆ ಅವಳು ಹಣೆ ಮುಟ್ಟಿ ಜ್ವರ ನೋಡುತ್ತಾಳೆ. ಕೃತಜ್ಞತೆಯೂ ಅಷ್ಟೆ, ಪತ್ರದ ಕೊನೆಗೆ ಸಹಿಯ ಮೇಲೆ ಕೂರುವ ಮಾತು. ಮಾತೇನೋ ಸೊಗಸಾದ್ದು, ಮಾಡಿದ್ದನ್ನು ತಿಳಿದವನು ಕೃತಜ್ಞ. ಅದರ ಪಕ್ಕದಲ್ಲೇ ಕೃತಘ್ನ, ಮಾಡಿದ್ದನ್ನು ಕೊಂದವನು, ಕುಳಿತಿದ್ದಾನೆ. ಇಬ್ಬರ ನಡುವೆ ಒಂದು ಒತ್ತಕ್ಷರದಷ್ಟು ಅಂತರ. ಕಾಪಿ ಬರೆಯುವಾಗ ಎಚ್ಚರ ತಪ್ಪಿದರೆ ಉಪಕಾರ ಮಾಡಿದವರಿಗೆ ಅಪಕಾರವೇ.

ವೇದಿಕೆ ಅಂದೆ. ಧನ್ಯವಾದವನ್ನು ಅದರ ಸ್ವಂತ ಮನೆಯಲ್ಲಿ ನೋಡಬೇಕಾದರೆ ವಂದನಾರ್ಪಣೆಗೇ ಹೋಗಬೇಕು. ನಮ್ಮ ಬಡಾವಣೆಯ ರಾಜ್ಯೋತ್ಸವ (ನವೆಂಬರ್ 1 ಅಂತ ಹೆಸರು, ನಡೆಯುವುದು 28ಕ್ಕೆ) ನನಗೆ ವರ್ಷವೂ ವಂದನಾರ್ಪಣೆಯನ್ನೇ ಕೊಡುತ್ತದೆ. ಕಂಠ ಚೆನ್ನಾಗಿರುವವರಿಗೆ ಪ್ರಾರ್ಥನೆ, ರೇಷ್ಮೆ ಸೀರೆ ಹೊಸದಾಗಿ ತಂದವರಿಗೆ ನಿರೂಪಣೆ, ಅಭಿಪ್ರಾಯ ಇರುವವರಿಗೆ ಪ್ರಾಸ್ತಾವಿಕ ನುಡಿ, ಇಷ್ಟೆಲ್ಲ ಹಂಚಿ ಮುಗಿದ ಮೇಲೆ ಯಾರಾದರೂ ಬೇಜಾರು ಮಾಡಿಕೊಂಡಾರು ಅನ್ನಿಸಿದರೆ ಅವರಿಗೆ ವಂದನಾರ್ಪಣೆ. ನಾನು ಚೀಟಿ ಬಿಡಿಸುವ ಹೊತ್ತಿಗೆ ಅಧ್ಯಕ್ಷರು ಶಾಲು ಮಡಚಿ ಕೈಚೀಲಕ್ಕೆ ಹಾಕುತ್ತಿರುತ್ತಾರೆ. ಸಭೆ ಎದ್ದು ಉಪ್ಪಿಟ್ಟು ಕೇಸರಿಬಾತಿನ ಕಡೆಗೆ ನಡೆದಿರುತ್ತದೆ. ನಾನು ಖಾಲಿ ಕುರ್ಚಿಗಳಿಗೆ ಕೈಮುಗಿದು ಹಣ್ಣು ಕೊಟ್ಟವರು, ಹಾರ ಕೊಟ್ಟವರು, ಶಾಮಿಯಾನದವರು ಎಂದು ಓದುತ್ತ ಹೋಗುತ್ತೇನೆ. ಹೋದ ವರ್ಷ ಕೊನೆಯವರೆಗೆ ನಿಂತು ಕೇಳಿದವನು ಒಬ್ಬನೇ, ಮೈಕಿನ ಹುಡುಗ. ಮೊಳಕೈಗೆ ವೈರು ಸುತ್ತುತ್ತ ಸುತ್ತುತ್ತ ನನ್ನ ಹತ್ತಿರಕ್ಕೇ ಬಂದಿದ್ದ. "ಧ್ವನಿವರ್ಧಕದ ವ್ಯವಸ್ಥೆ ಮಾಡಿದವರಿಗೂ..." ಅಂದೆ. "ಬೇಗ ಮೇಡಂ, ಇನ್ನೊಂದು ಫಂಕ್ಷನ್ ಇದೆ" ಅಂದ. ಅದೂ ಮೈಕಿನಲ್ಲಿ ಕೇಳಿಸಿತು.

ನಾವು ಒರಟರು ಎಂದು ಇದರ ಅರ್ಥವಲ್ಲ. ಜಗತ್ತೇ ಹೀಗೆ ಅನ್ನುವುದಕ್ಕೆ ಈಗ ಪುರಾವೆಯೂ ಇದೆ. 2018ರಲ್ಲಿ ಭಾಷಾಶಾಸ್ತ್ರಜ್ಞರ ಒಂದು ತಂಡ ಐದು ಖಂಡಗಳ ಎಂಟು ಭಾಷೆಗಳಲ್ಲಿ ಜನ ಮನೆಯೊಳಗೆ, ನೆರೆಹೊರೆಯಲ್ಲಿ ಆಡುವ ಮಾತನ್ನು ಚಿತ್ರೀಕರಿಸಿ ಎಣಿಸಿ ನೋಡಿತು. ಉಪ್ಪು ಕೊಡು, ಆ ಚಾಕು ಕೊಡು ಎಂದು ಕೇಳಿ ಪಡೆದವರಲ್ಲಿ ಬಾಯಿಬಿಟ್ಟು ವಂದನೆ ಹೇಳಿದವರು ಸರಾಸರಿ ಇಪ್ಪತ್ತರಲ್ಲಿ ಒಬ್ಬರು. ಮಾತಿಗೆ ಮುಂಚೆ ಥ್ಯಾಂಕ್ಯೂ ಅನ್ನುವ ಇಂಗ್ಲಿಷರೂ ಮನೆಯೊಳಗೆ ಏಳರಲ್ಲಿ ಒಂದು ಸಲ. ಈಕ್ವೆಡಾರ್ ದೇಶದ ಚಾಪಲಾ ಎಂಬ ಭಾಷೆಯಲ್ಲಂತೂ ಒಂದು ಸಲವೂ ಇಲ್ಲ. ಕನ್ನಡವನ್ನು ಅವರು ಎಣಿಸಲಿಲ್ಲ. ಎಣಿಸಿದ್ದರೆ ಚಾಪಲಾದವರಿಗೆ ಒಳ್ಳೆಯ ಜೊತೆ ಸಿಗುತ್ತಿತ್ತು.

ಹಾಗಾದರೆ ನಾವು ಏನು ಮಾಡುತ್ತೇವೆ? ಹರಸುತ್ತೇವೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗನಿಗೆ ಅತ್ತೆ ಥ್ಯಾಂಕ್ಸ್ ಅನ್ನುವುದಿಲ್ಲ, "ನಿಮ್ಮಮ್ಮನ ಹೊಟ್ಟೆ ತಣ್ಣಗಿರಲಪ್ಪ" ಅನ್ನುತ್ತಾರೆ. ಉಪಕಾರ ಮಾಡಿದವನು ಒಬ್ಬ, ಫಲ ಹೋಗುವುದು ಎಲ್ಲೋ ಮನೆಯಲ್ಲಿ ಅಕ್ಕಿ ಆರಿಸುತ್ತಿರುವ ಅವನ ತಾಯಿಗೆ. ಇಲ್ಲವೇ ಬೈಯುತ್ತೇವೆ. "ಇಷ್ಟೊಂದು ಯಾಕೆ ತರೋಕೆ ಹೋದ್ರಿ, ನಿಮಗೇನು ಬೇರೆ ಕೆಲಸ ಇಲ್ವಾ" ಎಂಬುದು ನಮ್ಮ ಕಡೆ ಅತ್ಯಂತ ಹೃತ್ಪೂರ್ವಕವಾದ ವಂದನೆ. ನಮ್ಮ ಯಜಮಾನರ ರೀತಿ ಇನ್ನೂ ಮಿತವ್ಯಯದ್ದು. ಊಟ ಮುಗಿಸಿ ಕೈತೊಳೆಯುತ್ತ "ಪರವಾಗಿಲ್ಲ" ಅಂದರೆ ಆ ದಿನದ ಹುಳಿ ಅಮೃತವಾಗಿತ್ತು ಎಂದು ತಿಳಿಯಬೇಕು. ಮೂವತ್ತೊಂದು ವರ್ಷದಲ್ಲಿ ಎರಡು ಸಲ "ಚೆನ್ನಾಗಿದೆ" ಅಂದಿದ್ದಾರೆ. ಎರಡೂ ಸಲ ಅಡುಗೆ ಮಾಡಿದ್ದು ಅತ್ತೆ.

ಇನ್ನು ಕೆಲವು ಕಡೆ ಅದು ಮಾತಿನ ವ್ಯಾಕರಣದೊಳಗೇ ಸೇರಿಕೊಂಡಿದೆ. ಹೊಸದಾಗಿ ಮದುವೆಯಾಗಿ ಬಂದಾಗ ಅತ್ತೆ ಒಂದು ಬೆಳಿಗ್ಗೆ "ಅಕ್ಕಿ ತುಂಬಿದೆ ನೋಡು, ಸಂಜೆ ಬರ್ತಾ ಅಂಗಡಿಗೆ ಹೇಳಿ ಬಾ" ಅಂದರು. ತುಂಬಿದೆಯಲ್ಲ, ಮತ್ತೆ ಅಂಗಡಿಗೆ ಏನು ಹೇಳುವುದು? ಅಂಗಡಿಯವನಿಗೆ "ನಮ್ಮನೆಯಲ್ಲಿ ಅಕ್ಕಿ ತುಂಬಿದೆ" ಅಂದೆ. ಅವನು ತಲೆಯಾಡಿಸಿ ಅರ್ಧ ಗಂಟೆಯೊಳಗೆ ಇಪ್ಪತ್ತೈದು ಕಿಲೋ ಮೂಟೆ ಇಳಿಸಿ ಹೋದ. ಅನ್ನ ಕೊಡುವ ವಸ್ತುವನ್ನು 'ಇಲ್ಲ', 'ಮುಗಿಯಿತು' ಅನ್ನಬಾರದು ಎಂಬ ಕಟ್ಟಳೆ ನನಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಹೋಗುವಾಗ 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅನ್ನುವುದೂ ಇದೇ ಸಂಸಾರದ್ದು. ಮುಗಿಯಿತು, ಹೋಯಿತು, ಸಂದಿತು ಅನ್ನುವ ಮಾತಿಗೆಲ್ಲ ನಮಗೆ ಒಂಥರಾ ಹೆದರಿಕೆ.

ಅತ್ತೆಯ ಪ್ರಶ್ನೆಗೆ ಉತ್ತರ ಇಲ್ಲೆಲ್ಲೋ ಇರಬೇಕು ಎಂದು ಈಗ ಅನ್ನಿಸುತ್ತದೆ. ನಮಗೆ ಗೊತ್ತಿರುವುದು ಋಣ. ಅನ್ನದ ಋಣ, ಉಪ್ಪಿನ ಋಣ, ನೀರಿನ ಋಣ. "ಈ ಊರಿನ ನೀರಿನ ಋಣ ತೀರಿತು" ಅಂದರೆ ವರ್ಗವಾಯಿತು ಎಂದರ್ಥ, "ಅವರ ಋಣ ಇಷ್ಟೇ ಇತ್ತು" ಅಂದರೆ ಹೆಣ ಎತ್ತಿದ್ದಾಯಿತು ಎಂದರ್ಥ. ಬ್ಯಾಂಕಿನಲ್ಲಿ ಸಾಲ ಚುಕ್ತಾ ಮಾಡಿದವನಿಗೆ ಸ್ವೀಟು ಹಂಚುವಷ್ಟು ಸಂತೋಷ. ಆದರೆ ಚುಕ್ತಾ ಆದ ಮೇಲೆ ಅವನು ಮತ್ತೆ ನಮ್ಮ ಕೌಂಟರಿಗೆ ಯಾಕೆ ಬಂದಾನು? ಕೈಗೆ ಬಂದ ಕಾಫಿಗೆ ಅಲ್ಲಲ್ಲೇ ಥ್ಯಾಂಕ್ಸ್ ಕೊಟ್ಟು ರಸೀತಿ ಹರಿದ ಸೊಸೆಯನ್ನು ಕಂಡು ಅತ್ತೆಗೆ ಖಾತೆ ಮುಚ್ಚಿದ ಹಾಗೆ ಕಂಡಿರಬೇಕು.

ಹಳಗನ್ನಡದವರಿಗೆ ಇದಕ್ಕೆ ಜೋಳವಾಳಿ ಎಂಬ ಮಾತಿತ್ತು. ಉಂಡ ಜೋಳಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದು. ಅವರ ಕಾಲದಲ್ಲಿ ಅದು ಬಹಳ ಸಲ ಒಡೆಯನಿಗಾಗಿ ಕತ್ತು ಕೊಡುವವರೆಗೆ ಹೋಗುತ್ತಿತ್ತು, ಆ ಭಾಗ ನನಗೇನೂ ಇಷ್ಟವಿಲ್ಲ. ನನಗೆ ಇಷ್ಟವಾದದ್ದು ಒಂದು ನಾಯಿಯ ಕಥೆ. ಬೆಂಗಳೂರಿಗೆ ವರ್ಗವಾಗಿದ್ದಾಗ ಒಂದು ಶನಿವಾರ, ಅರ್ಧ ದಿನದ ಬ್ಯಾಂಕು ಮುಗಿಸಿ, ಮಗಳ ಕೈಹಿಡಿದು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿ ಆತಕೂರಿನ ಕಲ್ಲಿದೆ. ಆತಕೂರು ಮದ್ದೂರು ತಾಲ್ಲೂಕಿನ ಊರು. ಕ್ರಿ.ಶ. 949-50ರ ಆ ಕಲ್ಲಿನ ಮೇಲೆ ಒಂದು ನಾಯಿ ಒಂದು ಹಂದಿ ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ತಕ್ಕೋಲದಲ್ಲಿ ಚೋಳರ ಮೇಲೆ ಗೆದ್ದ. ಆ ಯುದ್ಧದಲ್ಲಿ ಅವನ ಭಟ ಮಣಲೇರ ಚೆನ್ನಾಗಿ ಕಾದಿದ. ಮೆಚ್ಚಿದೆ, ಏನು ಬೇಕೋ ಬೇಡಿಕೋ ಅಂದ ಬೂತುಗ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಬೆಳತೂರಿನ ಗುಡ್ಡದ ಹತ್ತಿರ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಹೋರಾಡಿ ಸತ್ತವು. ಮಣಲೇರ ನಾಯಿಗಾಗಿ ಚೆಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಜಮೀನು ಬಿಟ್ಟ. ಆ ಜಮೀನು ಉಣ್ಣುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ಎಂದೂ ಕೆತ್ತಿಸಿದ. ಎರಡನೆಯ ಕ್ಲಾಸಿನಲ್ಲಿದ್ದ ಮಗಳು ಕತ್ತೆತ್ತಿ ನೋಡಿ, "ನಾಯಿಗೆ ಥ್ಯಾಂಕ್ಸ್ ಹೇಳೋಕೆ ಇಷ್ಟು ದೊಡ್ಡ ಕಲ್ಲಾ?" ಅಂದಿದ್ದಳು. ಈಗ ಅವಳೇ ನನಗೆ ಮೂರು ಗೆರೆಯ ಪುಸ್ತಕ ಕಳಿಸಿದ್ದಾಳೆ.

ಉಣ್ಣುವ ಮುಂಚೆ ನೆನೆಯಬೇಕು ಎಂಬ ಈ ತಾಕೀತು ನನಗೆ ಮೊದಲು ಸಿಕ್ಕಿದ್ದು ಆಗಿನ ಬಿಜಾಪುರದಲ್ಲಿ. ಮದುವೆಗೆ ಮುಂಚೆ ಅಲ್ಲೊಂದು ಹಳ್ಳಿ ಶಾಖೆಯಲ್ಲಿ ಎರಡು ವರ್ಷ ಇದ್ದೆ. ಎಳ್ಳಮಾವಾಸ್ಯೆಯ ದಿನ ಸಹೋದ್ಯೋಗಿಯ ಮನೆಯವರು ನನ್ನನ್ನೂ ಚಕ್ಕಡಿ ಹತ್ತಿಸಿಕೊಂಡು ಹೊಲಕ್ಕೆ ಹೋದರು. ಬಿಳಿಜೋಳ ಸೊಂಟದವರೆಗೆ ಬಂದಿತ್ತು. ಬುತ್ತಿ ಬಿಚ್ಚಿದರೆ ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ. ಮೈಸೂರಿನ ಹುಡುಗಿಯ ಹೊಟ್ಟೆಗೆ ತಡೆಯಲಾಗದೆ ಒಂದು ಕಡುಬು ಎತ್ತಿಕೊಂಡೆ. ಮನೆಯ ಹಿರಿಯಮ್ಮ ಮೆಲ್ಲಗೆ ನನ್ನ ಕೈಹಿಡಿದು, "ತಡೀವಾ, ಹೊಲಕ್ಕ ಉಣ್ಣಸಲಾರದ ನಾವು ಹೆಂಗ ಉಣ್ಣೂದು?" ಅಂದರು. ಗಂಡಸರು ಹೊಲದ ಸುತ್ತ ನಡೆಯುತ್ತ, ಕೂಗುತ್ತ, ಎಲ್ಲದರ ಒಂದೊಂದು ತುತ್ತನ್ನು ನಾಲ್ಕು ದಿಕ್ಕಿಗೆ ಚೆಲ್ಲಿದರು. ಚರಗ ಚೆಲ್ಲುವುದು ಅಂದರೆ ಅದು. ಬೆಳೆ ಇನ್ನೂ ಕೈಗೆ ಬಂದಿಲ್ಲ, ಬರುತ್ತದೆಂದು ಗ್ಯಾರಂಟಿ ಇಲ್ಲ, ಆದರೂ ಮೊದಲ ತುತ್ತು ಹೊಲಕ್ಕೆ. ಭೂಮಿ ಎಷ್ಟು ಉಂಡಿತೋ, ಹಕ್ಕಿಗಳಂತೂ ಒಂದನ್ನೂ ಬಿಡಲಿಲ್ಲ. ನಾನು ಕೈಯಲ್ಲಿದ್ದ ಕಡುಬನ್ನು ತಿರುಗಿ ಬುತ್ತಿಗೆ ಹಾಕುವುದೋ ಬೇಡವೋ ತಿಳಿಯದೆ ಅಷ್ಟು ಹೊತ್ತೂ ಹಿಡಿದೇ ನಿಂತಿದ್ದೆ.

ಹೊಲವಿಲ್ಲದ ನಮಗೆ ಆಯುಧಪೂಜೆ ಇದೆ. ಅತ್ತೆ ಅವತ್ತು ಈಳಿಗೆಮಣೆ, ಒರಳುಕಲ್ಲು, ಮಿಕ್ಸಿ, ಗ್ಯಾಸ್ ಸಿಲಿಂಡರು, ಯಜಮಾನರ ಸ್ಕೂಟರು ಎಲ್ಲಕ್ಕೂ ಅರಿಸಿನ ಕುಂಕುಮ ಇಟ್ಟು ಹೂವೇರಿಸುತ್ತಾರೆ. ವಾರಂಟಿ ಮುಗಿದ ಮಿಕ್ಸಿಗೆ ಒಂದು ಹೂವು ಜಾಸ್ತಿ. ವರ್ಷವಿಡೀ ಬಾಯಿಗೆ ಬಂದ ಹಾಗೆ ಬೈಸಿಕೊಂಡ ಸ್ಕೂಟರು ಆ ಒಂದು ದಿನ ನಾಲ್ಕು ನಿಂಬೆಹಣ್ಣಿನ ಮುಂದೆ ಮದುಮಗನಂತೆ ನಿಂತಿರುತ್ತದೆ. ಮರುದಿನ ಸ್ಟಾರ್ಟ್ ಆಗುವುದಿಲ್ಲ, ಅದು ಬೇರೆ ವಿಷಯ.

ಪುಸ್ತಕಕ್ಕೆ ಬರುತ್ತೇನೆ. ಎರಡು ತಿಂಗಳಿಗೆ ನನ್ನ ಭಾನುವಾರಗಳೂ ತಪ್ಪಿದವು. ಅಷ್ಟರಲ್ಲಿ ಅತ್ತೆಗೆ ಒಂದು ತೊಂದರೆ ಶುರುವಾಗಿತ್ತು. ಎಂಬತ್ತನಾಲ್ಕರ ನೆನಪು, ಯಾವ ಡಬ್ಬ ಯಾರದು ಎಂಬುದು ಕಲಸಿಹೋಗುತ್ತಿತ್ತು. ಎದುರುಮನೆ ಟೀಚರಮ್ಮನ ಡಬ್ಬದಲ್ಲಿ ಕೋಡುಬಳೆ ತುಂಬಿ ಮೂಲೆಮನೆಗೆ ಕಳಿಸಿ, ಇಬ್ಬರೂ ವಾರವಿಡೀ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ಹಾಗಾಯಿತು. "ಆ ನೀಲಿ ಪುಸ್ತಕ ಖಾಲಿ ಬಿದ್ದಿದೆಯಲ್ಲ, ಅದರಲ್ಲಿ ಬರ್ಕೊಳ್ಳೇ" ಅಂದರು.

ಡಬ್ಬದ ವ್ಯವಹಾರ ನಮ್ಮ ಬೀದಿಯಲ್ಲಿ ಸಣ್ಣದಲ್ಲ, ಅದಕ್ಕೆ ಬರೆಯದ ನಿಯಮಗಳೂ ಬಹಳ. ಖಾಲಿ ಕೊಡಬಾರದು, ಇದು ಮೂಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ, ಅದೂ ಇಲ್ಲದಿದ್ದರೆ ಹಿತ್ತಲಿನ ಒಂದು ಹಿಡಿ ಕರಿಬೇವು. ಕೊಟ್ಟದ್ದನ್ನೇ ಮಾಡಿ ಹಿಂದಕ್ಕೆ ಕೊಡಬಾರದು, ನಿಮಗಿಂತ ನಾವು ಚೆನ್ನಾಗಿ ಮಾಡುತ್ತೇವೆ ಅಂದಂತಾಗುತ್ತದೆ. ಮರುದಿನವೇ ಹಿಂತಿರುಗಿಸಬಾರದು, ಸಾಲ ಬಿಸಾಕಿದ ಹಾಗೆ. ತಿಂಗಳು ದಾಟಿಸಬಾರದು, ಅದು ಕಳ್ಳತನ. ಈಚೆಗೆ ಹೋಟೆಲು ಪಾರ್ಸಲಿನ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ "ಕೊಡೋದೇನೂ ಬೇಡ, ಬಿಸಾಕಿ" ಅನ್ನುವವರು ಬಂದಿದ್ದಾರೆ. ಅತ್ತೆಗೆ ಅಂಥವರ ಮೇಲೆ ನಂಬಿಕೆಯಿಲ್ಲ. "ವಾಪಸ್ ಬರೋದು ಬೇಡ ಅಂತ ಮೊದಲೇ ಹೇಳಿಬಿಟ್ರಲ್ಲ" ಅನ್ನುತ್ತಾರೆ.

ಹೀಗೆ ಮಗಳು ಕೊಟ್ಟ ಪುಸ್ತಕದ ಮೂರು ಗೆರೆಗೆ ಕೆಲಸ ಬಂತು. ಮೊದಲ ಗೆರೆಯಲ್ಲಿ ಬಂದದ್ದು, ಎರಡನೆಯದರಲ್ಲಿ ಹೋದದ್ದು, ಮೂರನೆಯದು ಷರಾ. 'ಟೀಚರಮ್ಮ, ಎರಡು ಕ್ಲಿಪ್ಪಿನ ಡಬ್ಬ, ಹಾಗಲಕಾಯಿ ಗೊಜ್ಜು. ಹೋದದ್ದು ರವೆ ಉಂಡೆ ಎಂಟು. ಷರಾ: ಗೊಜ್ಜಿಗೆ ಬೆಲ್ಲ ಮುಂದಾಗಿತ್ತು, ಹೇಳಕೂಡದು.' ಆರು ತಿಂಗಳಿಂದ ಒಂದು ವಾರವೂ ತಪ್ಪಿಲ್ಲ. ಎಮನ್ಸ್ ಸಾಹೇಬರು ನೋಡಿದರೆ ನಮ್ಮನ್ನು ಯಾವ ಗುಂಪಿಗೆ ಹಾಕುತ್ತಿದ್ದರೋ.

ಈ ಸಲ ದಸರೆಗೆ ಅಟ್ಟದಿಂದ ಗೊಂಬೆ ಇಳಿಸುವಾಗ, ಪಟ್ಟದ ಗೊಂಬೆಯ ಹಿಂದೆ, ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಸ್ಟೀಲ್ ಡಬ್ಬ ಸಿಕ್ಕಿತು. ಈಗಿನ ಹಾಗೆ ತೆಳ್ಳಗಿನದಲ್ಲ, ಕೈಗೆ ತೂಕ ಗೊತ್ತಾಗುವಂಥದು. ಕಂಠದ ಕೆಳಗೆ ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು. ಎಷ್ಟು ವರ್ಷದ ಬೂದಿ, ಹುಣಸೆಹಣ್ಣು ಉಜ್ಜಿತ್ತೋ, ಮುಂದಿನ ಅಕ್ಷರಗಳೆಲ್ಲ ಸವೆದು ಉಳಿದದ್ದು ಕೊನೆಯ 'ಮ್ಮ', ಪಕ್ಕದಲ್ಲಿ '1974'. ಕನ್ನಡ ನಾಡಿನ ಅರ್ಧಕ್ಕರ್ಧ ಹೆಂಗಸರು ಬಂದು ನಂದು ಅನ್ನಬಹುದಾದ ಡಬ್ಬ. ಬೆಳಕಿಗೆ ಹಿಡಿದು ಓರೆ ಮಾಡಿದರೂ ಹಿಂದಿನ ಚುಕ್ಕಿಗಳು ಅಕ್ಷರವಾಗಲಿಲ್ಲ.

ನಿನ್ನೆ ತಿಂದದ್ದು ಮರೆಯುವ ಅತ್ತೆಗೆ ಇದು ಮರೆತಿರಲಿಲ್ಲ. "ಅಯ್ಯೋ, ಅಗ್ರಹಾರದ ವಠಾರದ್ದು" ಅಂದರು. ನಮ್ಮ ಯಜಮಾನರಿಗೆ ಹದಿನಾಲ್ಕನೆಯ ವರ್ಷದಲ್ಲಿ ಕಾಮಾಲೆಯಾಗಿತ್ತಂತೆ. ಅತ್ತೆಗೂ ಜ್ವರ. ವಠಾರದ ಕೊನೆಯ ಮನೆಯಾಕೆ ಇಪ್ಪತ್ತು ದಿನ ಈ ಡಬ್ಬದಲ್ಲಿ ಗಂಜಿ ತಂದಿಟ್ಟಳು. ಹುಡುಗ ಎದ್ದು ಓಡಾಡಿದ ಮೇಲೆ ಡಬ್ಬ ಹಿಂದಕ್ಕೆ ಕೊಡಬೇಕು. "ಇಪ್ಪತ್ತು ದಿನದ ಗಂಜಿಗೆ ಸಕ್ಕರೆ ಹಾಕಿ ಕೊಡೋಕಾಗತ್ತೇನೇ? ಒಂದು ಮೈಸೂರುಪಾಕಾದ್ರೂ ಮಾಡೋಣ ಅಂದ್ಕೊಂಡೆ. ಆ ತಿಂಗಳು ನಿಮ್ಮ ಮಾವನ ಸಂಬಳ ತಡ. ಮುಂದಿನ ತಿಂಗಳು ತುಪ್ಪ ಸಿಗ್ಲಿಲ್ಲ. ಅಷ್ಟರಲ್ಲಿ ಅವಳ ಗಂಡಂಗೆ ವರ್ಗ ಆಗಿ ರಾತ್ರೋರಾತ್ರಿ ಲಾರಿ ಹತ್ತಿದರು. ಯಾವ ಊರು ಅಂತಾನೂ ಕೇಳ್ಳಿಲ್ಲ ನಾನು."

"ಹೆಸರೇನು ಅತ್ತೆ?"

ಅವರು ಡಬ್ಬದ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು ಯೋಚಿಸಿ, "ಮ್ಮ ಅಂತೂ ಇತ್ತು" ಅಂದರು. ಆಮೇಲೆ, "ಬರ್ಕೋ. ಡಬ್ಬ ಒಂದು, ಬಾಕಿ."

ಗೊಂಬೆಗಳನ್ನು ಮತ್ತೆ ಅಟ್ಟಕ್ಕೇರಿಸಿದರೂ ಡಬ್ಬ ಏರಲಿಲ್ಲ, ಅಡುಗೆಮನೆಯ ಕಪಾಟಿನಲ್ಲೇ ಉಳಿಯಿತು. ಮುಂದಿನ ತಿಂಗಳು ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಒಡಿಶಾದ ಹುಡುಗನಿಗೆ ಡೆಂಗಿ ಜ್ವರ ಬಂತು. ಅತ್ತೆ ಬೆಳಿಗ್ಗೆ ಎದ್ದು ಗಂಜಿ ಮಾಡಿ, ಉಪ್ಪು ಹಾಕಿ, ಕೈಗೆ ಸಿಕ್ಕ ಹತ್ತು ಡಬ್ಬ ಬಿಟ್ಟು ಅದೇ ಡಬ್ಬಕ್ಕೆ ತುಂಬಿಸಿ ನನ್ನ ಕೈಗಿತ್ತರು. ದಿನಾ ನಾನು ಮೇಲಕ್ಕೆ ಒಯ್ಯುವುದು, ಅವನದೇ ಪಾತ್ರೆಗೆ ಸುರಿದು ಡಬ್ಬ ತರುವುದು. ಕೊನೆಯ ದಿನ ಅತ್ತೆ, "ಡಬ್ಬ ಅಲ್ಲೇ ಬಿಟ್ಟು ಬಾ" ಅಂದರು. ಹುಡುಗ ಮಂಚದ ಮೇಲೆ ಎದ್ದು ಕೂತು, "ಥ್ಯಾಂಕ್ಯೂ ಆಂಟಿ, ಅಜ್ಜಿಗೂ ಥ್ಯಾಂಕ್ಯೂ, ತುಂಬಾ ಥ್ಯಾಂಕ್ಯೂ" ಅಂದ. ಕೆಳಗೆ ಬಂದು ಹೇಳಿದೆ. "ಯಾಕಂತೆ, ಮನೆ ಖಾಲಿ ಮಾಡ್ತಾನಂತಾ?" ಅಂದರು ಅತ್ತೆ, ನಿಜವಾಗಿಯೂ ಗಾಬರಿಯಿಂದ.

ಖಾಲಿ ಮಾಡಿಲ್ಲ. ಜ್ವರ ಬಿಟ್ಟು ಮೂರು ವಾರವಾಯಿತು, ದಿನಾ ಬೈಕು ಹತ್ತಿ ಕೆಲಸಕ್ಕೆ ಹೋಗುತ್ತಾನೆ. ಗೇಟಿನ ಹತ್ತಿರ ಎದುರಾದರೆ ಮಾತ್ರ ಯಾಕೋ ತಲೆ ತಗ್ಗಿಸಿ ಸರಸರ ಮೆಟ್ಟಿಲು ಹತ್ತಿಬಿಡುತ್ತಾನೆ. ಡಬ್ಬ ಬಂದಿಲ್ಲ. ಹೋಗಿ ಕೇಳಿಕೊಂಡು ಬರಲಾ ಅಂದೆ.

"ಸುಮ್ನಿರೇ" ಅಂದರು ಅತ್ತೆ. "ಏನು ಹಾಕಿ ಕೊಡೋದು ಅಂತ ಯೋಚನೇಲಿರ್ತಾನೆ."